ತನಿ ಮುಗಿಯದೆ ಬಸ್ಸು ಹೊರಡದು

ಜಯನಗರ, ೨೬-೪-೧೯೫೯

ಮಿತ್ರ ಜಯಸಿಂಹನಿಗೆ,

ಮಲ್ಲೇಶ್ವರದ ಸಿಂಹ ಗುಹೆ ಬಿಟ್ಟು ಹೊರಗೆ ಬರುತ್ತಿಲ್ಲವೆಂದು ಕೇಳಿ ಗುಹೆಗೇ ಅಂಚೆ ಹಾಕುತ್ತಿದ್ದೇನೆ. ಒಂದೇ ಊರಿನಲ್ಲಿದ್ದುಕೊಂಡು ಕಾಗದ ಬರೆಯುವವರು ಎರಡೇ ಬಗೆ: ಹೊಸದಾಗಿ ನಿಶ್ಚಿತಾರ್ಥವಾದವರು, ಹಳೆಯದಾಗಿ ಮಾತು ಬಿಟ್ಟವರು. ನಮ್ಮಿಬ್ಬರಿಗೂ ಮದುವೆಯಾಗಿರುವುದರಿಂದ ನಾವು ಯಾವ ಬಗೆ ಎನ್ನುವುದು ಅಂಚೆಯವನಿಗೂ ತಿಳಿದಿದೆ.

ಜಯನಗರದಲ್ಲಿ ಸದ್ಯಕ್ಕೆ ಜಯವಷ್ಟೇ ಇದೆ, ನಗರ ಇನ್ನೂ ಬರಬೇಕು. ಬೀದಿಗೊಂದು ದೀಪ, ದೀಪದಿಂದ ದೀಪಕ್ಕೆ ಒಂದು ನರಿ. ಇಂಥಲ್ಲಿ ಸಂಗೀತ ಸಭೆ ಕಟ್ಟುತ್ತೇನೆಂದು ಹೊರಟಾಗ ಎಲ್ಲರೂ ಕೇಳಿದ್ದು ಒಂದೇ ಮಾತು: "ಬರೋದೇನೋ ಬರ್ತೀವಿ ಸಾರ್, ವಾಪಸ್ ಹೋಗೋದು ಹ್ಯಾಗೆ?" ಅದಕ್ಕೇ ನಾನು ಅರ್ಜಿಯ ಮೇಲೆ ಅರ್ಜಿ ಹಾಕಿ, ಊರಿನ ಕಡೆ ಹೋಗುವ ಕೊನೆಯ ಬಸ್ಸು ನಮ್ಮ ಶಾಮಿಯಾನದ ಬಾಗಿಲಿಗೇ ಬಂದು ಹೋಗುವಂತೆ ಮಾಡಿದ್ದು. ಭಗೀರಥ ಗಂಗೆಯನ್ನು ತಂದ. ನಾನು ಬಸ್ಸನ್ನು ತಂದೆ. ಗಂಗೆ ಬಂದಾಗ ಯಾರ ಆಶ್ರಮ ಕೊಚ್ಚಿಹೋಯಿತೆಂದು ನಿನಗೆ ಪುರಾಣದಲ್ಲಿ ಗೊತ್ತು. ಬಸ್ಸು ಬಂದಾಗ ಕೊಚ್ಚಿಹೋದದ್ದು ನಿನ್ನ ತನಿ.

ರಾಮನವಮಿಯ ಆ ಕಛೇರಿಯಲ್ಲಿ ಗಾಯಕಿ ಕಮಲಾದೇವಿಯವರು ಹಾಡು ನಿಲ್ಲಿಸಿ, ಇನ್ನು ಮೃದಂಗವೊಂದೇ ನುಡಿಯಲೆಂದು ನಿನ್ನ ಕಡೆ ಕೈ ತೋರಿಸಿದರು. ನೀನು ಕಣ್ಣು ಮುಚ್ಚಿ ಶುರು ಮಾಡಿದೆ. ಹೊರಗೆ ಡ್ರೈವರ್ ಬೋರಣ್ಣ "ಪೋಂ" ಎಂದ. ತನಿ ಎಂದರೆ ಕಾಫಿಗೆ ಏಳುವ ಹೊತ್ತೆಂದು ಮೊದಲೇ ನಂಬಿರುವ ನಮ್ಮ ಜನಕ್ಕೆ ಇನ್ನೇನು ಬೇಕು? ಸಭೆಯೆಲ್ಲ ಎದ್ದು ಬಸ್ಸಿಗೆ ನುಗ್ಗಿತು. ನಾನು ಬಸ್ಸಿನ ಬಾಗಿಲಲ್ಲಿ ಟಾರ್ಚು ಹಿಡಿದು, ಬೀಗರನ್ನು ಕಳಿಸುವ ಹೆಣ್ಣಿನ ತಂದೆಯಂತೆ ಒಬ್ಬೊಬ್ಬರನ್ನೇ ಹತ್ತಿಸುತ್ತಿದ್ದೆ. ತಿರುಗಿ ನೋಡಿದರೆ ನೀನು ಬಾರಿಸುವುದನ್ನು ನಡುವೆಯೇ ಬಿಟ್ಟು ಮೃದಂಗಕ್ಕೆ ಗವಸು ಹಾಕುತ್ತಿದ್ದೆ. ಮಂಗಳಕ್ಕೂ ನಿಲ್ಲಲಿಲ್ಲ. "ಇನ್ನು ಸೌತೆಂಡ್ ಸರ್ಕಲ್ ದಾಟಿ ದಕ್ಷಿಣಕ್ಕೆ ಕಾಲಿಟ್ಟರೆ ಕೇಳು" ಎಂದವನೇ ನಡೆದುಬಿಟ್ಟೆ.

ಶಾಮಣ್ಣ ಮೇಷ್ಟ್ರ ಜಗುಲಿಯಲ್ಲಿ ಒಟ್ಟಿಗೆ ಮೃದಂಗ ಕಲಿಯಲು ಕೂತವರು ನಾವು. "ಅನಂತು, ನಿನ್ನ ಕೈಗಿಂತ ಕಿವಿ ವಾಸಿ ಕಣೋ, ಕೇಳೋನಾಗು" ಎಂದು ಅವರು ನನ್ನನ್ನು ಎಬ್ಬಿಸಿದರು, ನಿನ್ನನ್ನು ಉಳಿಸಿಕೊಂಡರು. ಕೇಳುವವನಾದವನು ನಾಲ್ಕು ಜನಕ್ಕೂ ಕೇಳಿಸೋಣವೆಂದು ಹೊರಟದ್ದು ತಪ್ಪೇ? ತನಿಯ ಕೊನೆಗೆ ಮೋರಾ ಬಾರಿಸಬೇಕಾದವನು ಹೀಗೆ ಮೋರೆ ತಿರುಗಿಸಿದರೆ ನಾನು ಯಾರ ಬಾಗಿಲಿಗೆ ಹೋಗಲಿ?

ಮುಂದಿನ ತಿಂಗಳಿಂದ ತಿಂಗಳಿಗೊಂದು ಕಛೇರಿ. ಬಾ.

ನಿನ್ನ,
ಅನಂತರಾಮು


ಮಲ್ಲೇಶ್ವರ, ೪-೫-೧೯೫೯

ಅನಂತು,

ಕಾಗದ ತಲುಪಿತು. ಬಸ್ಸು ಹೊತ್ತಿಗೆ ಸರಿಯಾಗಿ ಬಂದದ್ದಕ್ಕೆ ಅಭಿನಂದನೆ. ನಿನ್ನ ಸಭೆಯಲ್ಲಿ ಕಾಲಪ್ರಮಾಣ ಅರಿತವರು ಒಬ್ಬರಾದರೂ ಇದ್ದಾರೆ.

ಬೇರೆ ಯಾರನ್ನಾದರೂ ನೋಡಿಕೋ. ಕೋಪವಿಲ್ಲ. ಬಾರಿಸುವ ಮನಸ್ಸಿಲ್ಲ, ಅಷ್ಟೆ. ಮೃದಂಗದ ಎಡಗಡೆಗೆ ಮೆತ್ತಲು ತಂದಿದ್ದ ರವೆಯ ಡಬ್ಬಿ ನಿಮ್ಮಲ್ಲೇ ಉಳಿದಿದೆ. ನಿನ್ನ ಶ್ರೀಮತಿ ಕಾತ್ಯಾಯಿನಿಯವರು ಉಪ್ಪಿಟ್ಟು ಮಾಡಿಕೊಳ್ಳಲಿ.

ಜಯಸಿಂಹ


ಜಯನಗರ, ೧೯-೭-೧೯೫೯

ಮಿತ್ರ ಜಯಸಿಂಹ,

ನಿನ್ನ ರವೆಯಲ್ಲಿ ಉಪ್ಪಿಟ್ಟು ಆಗಲಿಲ್ಲ. ಕಾತ್ಯಾಯಿನಿ ಡಬ್ಬಿಯನ್ನು ದೇವರಮನೆಯ ಗೂಡಿನಲ್ಲಿಟ್ಟಿದ್ದಾಳೆ. "ಅದು ಮೃದಂಗದ್ದು, ಹೊಟ್ಟೇದಲ್ಲ" ಎಂದಳು. ನನ್ನ ಹೊಟ್ಟೆಯನ್ನು ನೋಡಿದವರು ಅದೂ ಇದೂ ಬೇರೆ ಎಂದು ಒಪ್ಪುವುದಿಲ್ಲ.

ಬೆಳಿಗ್ಗೆ ಒಂದು ಕಛೇರಿ, ಸಂಜೆ ಇನ್ನೊಂದು ಕಛೇರಿ, ಇದು ನನ್ನ ಬಾಳು. ಮೊದಲನೆಯದರಲ್ಲಿ ಸಾಹೇಬರು ಬರುವವರೆಗೆ ಯಾರೂ ಕೂರುವುದಿಲ್ಲ. ಎರಡನೆಯದರಲ್ಲಿ ಬಸ್ಸು ಬಂದ ಮೇಲೆ ಯಾರೂ ಕೂರುವುದಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಮೂರು ಕಛೇರಿ ನಡೆಸಿದ್ದೇನೆ. ಜನ ಬರುತ್ತಿದ್ದಾರೆ ಕಣೋ! ಬಸವನಗುಡಿಯಿಂದ ಬರುತ್ತಾರೆ, ಯಡಿಯೂರಿನ ಹೊಲದ ಕಡೆಯಿಂದ ಲಾಟೀನು ಹಿಡಿದು ಬರುತ್ತಾರೆ. ಕಲ್ಯಾಣಿ ರಾಗ ಕೇಳುವಾಗ ಹಿಂದಿನ ಸಾಲಿನಲ್ಲಿ ಮಗುವೊಂದು ಅತ್ತರೆ ಊರಿಗೆ ಊರೇ "ಶ್" ಎನ್ನುತ್ತದೆ. ಇದನ್ನು ನೀನು ನೋಡಬೇಕಿತ್ತು.

ಆದರೆ ತನಿ! ಬಸ್ಸನ್ನು ಅರ್ಧ ಗಂಟೆ ತಡವಾಗಿ ಕಳಿಸಿರೆಂದು ಬರೆದುಕೊಂಡೆ. ಕಳಿಸಿದರು. ಅಂದಿನ ಗಾಯಕರು ಉತ್ಸಾಹ ಬಂದು ಆಲಾಪನೆಯನ್ನು ಅರ್ಧ ಗಂಟೆ ಬೆಳೆಸಿದರು. ಬಸ್ಸು, ತನಿ ಎರಡೂ ಮತ್ತೆ ಒಂದೇ ಲಗ್ನದಲ್ಲಿ. ಮುಂದಿನ ತಿಂಗಳು ತನಿಯ ಹೊತ್ತಿಗೆ ಸರಿಯಾಗಿ ಕೋಸಂಬರಿ ಹಂಚಿಸಿದೆ, ಕೈಯಲ್ಲಿ ದೊನ್ನೆ ಇದ್ದರೆ ಏಳಲಾರರೆಂದು. ಎದ್ದರು, ದೊನ್ನೆಯ ಸಮೇತ. ಏಳದವರು ಸೌತೆಕಾಯಿ ಅಗಿದ ಸದ್ದಿನಲ್ಲಿ, ಪಾಪ, ಆ ಮೃದಂಗದ ಹುಡುಗನಿಗೆ ತನ್ನ ಚಾಪಿನ ಪೆಟ್ಟು ತನಗೇ ಕೇಳಿಸಲಿಲ್ಲ.

ತಾಳ ಬಲ್ಲವನಿಗೆ ತಾಳ್ಮೆ ಕಲಿಸಬೇಕೆ? ಒಂದು ಸಾಲು ಬರಿ.

ಅನಂತು


ಜಯನಗರ, ೧೧-೧೦-೧೯೫೯

ಜಯಸಿಂಹ,

ಒಂದು ಸಾಲೂ ಬರಲಿಲ್ಲ. ಇರಲಿ, ನಿನ್ನ ಮೌನಕ್ಕೂ ಒಂದು ನಡೆ ಇದೆ ಎಂದುಕೊಂಡು ತಾಳ ಹಾಕುತ್ತ ಕೂತಿದ್ದೇನೆ.

ದಸರಾ ಕಛೇರಿಯಲ್ಲಿ ಮೃದಂಗ ಬಾರಿಸಲು ಬಂದವರು ಶುರುವಿಗೆ ಮೊದಲೇ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಹ್ಯಾಗೂ ಎಲ್ರೂ ಎದ್ದೋಗ್ತಾರೆ, ತನಿ ಬಿಟ್ಬಿಡ್ಲಾ?" ಎಂದರು. ಎಷ್ಟು ಮೆಲ್ಲಗೆ ಕೇಳಿದರೆಂದರೆ, ತಪ್ಪು ಅವರದೇ ಎನ್ನುವ ಹಾಗೆ. ನಾನು ಹೂಂ ಎಂದೆ. ಸಾರು ಬಡಿಸದೆ ನೇರ ಮಜ್ಜಿಗೆಗೆ ಹೋದ ಊಟದಂತೆ ಕಛೇರಿ ಮುಗಿಯಿತು. ಯಾರೂ ಕೇಳಲಿಲ್ಲ, ಸಾರೆಲ್ಲಿ ಎಂದು. ಆ ರಾತ್ರಿ ಮನೆಗೆ ಬಂದು ಯಾರ ಹತ್ತಿರವೂ ತಮಾಷೆ ಮಾಡಲಿಲ್ಲ. ಕಾತ್ಯಾಯಿನಿ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು.

ಈಗ ನಮ್ಮ ಸಭೆಯ ಅಧ್ಯಕ್ಷರು ಚಕ್ರಪಾಣಿಯವರು ಹೇಳುತ್ತಿದ್ದಾರೆ, ಮುಂದಿನ ರಾಮನವಮಿಯಿಂದ ಆಹ್ವಾನಪತ್ರದಲ್ಲೇ "ತನಿ ಇರುವುದಿಲ್ಲ" ಎಂದು ಅಚ್ಚು ಹಾಕಿಸೋಣ, ಜನ ನೆಮ್ಮದಿಯಾಗಿ ಬಸ್ಸು ಹತ್ತಲಿ ಎಂದು. ಹೆಸರಿಗೆ ತಕ್ಕಂತೆ ಅವರ ಚಿತ್ತವೆಲ್ಲ ಚಕ್ರದ ಮೇಲೇ. ನಾನು ಹೇಳಿದೆ: ತನಿ ಇಲ್ಲದ ಸಭೆ ನಡೆಸಲು ಬೇರೆ ಯಾರನ್ನಾದರೂ ನೋಡಿಕೊಳ್ಳಿ. ರಾಮನವಮಿಯವರೆಗೆ ಅವಧಿ ಕೊಟ್ಟಿದ್ದಾರೆ. ಅಷ್ಟರಲ್ಲಿ ಒಂದು ತನಿ, ಒಂದೇ ಒಂದು, ಪೂರ್ತಿ ಸಭೆಯ ಎದುರಿಗೆ ಪೂರ್ತಿಯಾಗಿ ನಡೆಯಬೇಕು. ಇಲ್ಲವಾದರೆ ನಾನು ಶಾಮಿಯಾನ ಬಿಚ್ಚುತ್ತೇನೆ.

ಜನ ಎದ್ದುಹೋದದ್ದು ನಿನಗೆ ಅವಮಾನ, ಒಪ್ಪಿದೆ. ಆದರೆ ಊರ ಮೇಲಿನ ಸಿಟ್ಟನ್ನು ನನ್ನ ಮೇಲೆ ಎಷ್ಟು ದಿನ ಬಾರಿಸುತ್ತೀಯ? ನಾನೇನು ಮೃದಂಗವೇ, ಎರಡು ಕಡೆಯಿಂದಲೂ ಹೊಡೆಸಿಕೊಳ್ಳಲು?

ಅನಂತರಾಮು


ಮಲ್ಲೇಶ್ವರ, ೨-೧೧-೧೯೫೯

ಅನಂತು,

ಜನ ಎದ್ದುಹೋದದ್ದು ಅವಮಾನವೆಂದು ನಿನಗೆ ಯಾರು ಹೇಳಿದರು? ಹದಿನಾರನೆಯ ವಯಸ್ಸಿನಿಂದ ಬಾರಿಸುತ್ತಿದ್ದೇನೆ. ತನಿಯಲ್ಲಿ ಜನ ಏಳುವುದು ನನಗೆ ಹೊಸದಲ್ಲ. ಹಾಲು ಉಕ್ಕೀತೆಂದು ಏಳುತ್ತಾರೆ, ಬೀಡಿಗೆ ಏಳುತ್ತಾರೆ. ಎದ್ದವರ ಬೆನ್ನು ನೋಡಿ ಕೈ ನಿಲ್ಲಿಸಿದವನಲ್ಲ ನಾನು.

ಅಂದು ಹಾರನ್ ಕೇಳಿ ಒಂದು ಸಲ ಕಣ್ಣು ಬಿಟ್ಟೆ. ಮುಂದಿನ ಸಾಲಿನಲ್ಲಿ ಶಾಮಣ್ಣ ಮೇಷ್ಟ್ರ ಕುರ್ಚಿ ಖಾಲಿಯಾಗಿತ್ತು. ಅವರ ಬೆನ್ನು ಬಾಗಿಲ ಕಡೆ ಹೋಗುತ್ತಿತ್ತು.

ನಾನು ಬಾರಿಸುತ್ತಿದ್ದದ್ದು ಅವರೇ ಹೇಳಿಕೊಟ್ಟ, ಐದೈದು ಎಣಿಕೆಯ ಖಂಡ ನಡೆ. ಮುಕ್ತಾಯವನ್ನು ಮಾತ್ರ ನಾನೇ ಕಟ್ಟಿದ್ದೆ. ಮೊದಲ ಸಲ ಅವರ ಮುಂದೆ ಬಾರಿಸಬೇಕೆಂದು ಆರು ತಿಂಗಳಿಂದ ಇಟ್ಟುಕೊಂಡಿದ್ದೆ. ಕೆಟ್ಟದ್ದು ಕೇಳಿಸಿದರೆ ಮೇಷ್ಟ್ರು ಬೈಯುವುದಿಲ್ಲ, ಎದ್ದು ಒಳಗೆ ಹೋಗುತ್ತಾರೆ. ನಿನಗೂ ನೆನಪಿರಬೇಕು. ನೀನು ಬಾರಿಸುವಾಗಲೆಲ್ಲ ಅವರು ಎಷ್ಟು ಸಲ ಒಳಗೆ ಹೋಗಿ ನೀರು ಕುಡಿದು ಬರುತ್ತಿದ್ದರು.

ನನಗೆ ಅವರು ಅದುವರೆಗೆ ಒಂದು ದಿನವೂ ಎದ್ದಿರಲಿಲ್ಲ.

ಇದನ್ನು ಬರೆಯಬಾರದೆಂದಿದ್ದೆ. ನಿನ್ನ ಶಾಮಿಯಾನ ಬಿಚ್ಚುವುದು ಬೇಡ.

ಜಯಸಿಂಹ


ಜಯನಗರ, ೯-೧೧-೧೯೫೯

ಪ್ರಿಯ ಜಯಸಿಂಹ,

ನಿನ್ನ ಕಾಗದವನ್ನು ಗಟ್ಟಿಯಾಗಿ ಓದುತ್ತಿದ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ಕಾತ್ಯಾಯಿನಿ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. "ನಾಳೆ ಮೇಷ್ಟ್ರ ಮನೆಗೆ ಹೋಗ್ಬನ್ನಿ" ಎಂದಳು. ಯಾಕೆಂದರೆ, "ಹೋಗ್ಬನ್ನಿ ಅಂದೆ" ಎಂದಳು. ಹೋದೆ.

ಮೇಷ್ಟ್ರು ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಈಗ ದೃಷ್ಟಿ ಮಂದ. ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದರು.

"ಯಾರು, ಅನಂತೂನಾ? ಹೆಜ್ಜೇಲೂ ತಾಳ ತಪ್ತೀಯಲ್ಲೋ. ಹ್ಯಾಗಿದೆ ನಿನ್ನ ಬಸ್ ಸಭೆ?"

"ಇದೆ ಮೇಷ್ಟ್ರೇ. ಜಯಸಿಂಹ ಬಂದಿದ್ನಾ ಈ ಕಡೆ?"

"ರಾಮನವಮಿಯಿಂದ ತಲೆ ಹಾಕಿಲ್ಲ. ದೊಡ್ಡೋನಾದ, ಪುರಸೊತ್ತಿಲ್ಲ ಅಂತ ಸುಮ್ನಿದೀನಿ."

"ಅವತ್ತು ನೀವು ತನಿ ಮಧ್ಯದಲ್ಲಿ ಎದ್ದುಬಿಟ್ರಲ್ಲ…"

"ನಾನೆಲ್ಲೋ ಎದ್ದೆ? ನಿನ್ನ ಹೆಂಡ್ತಿ ಎಬ್ಬಿಸಿದ್ಲು. 'ಮೇಷ್ಟ್ರೇ, ಬಸ್ ಬಂತು, ಕತ್ಲೆ, ಎಡವೀರಿ' ಅಂತ ಕೈ ಹಿಡಿದ್ಲು. ಹೆಣ್ಣುಮಗು ಅಷ್ಟು ಅಕ್ಕರೇಲಿ ಕರೆದಾಗ ಕೈ ಕೊಡವೋಕಾಗುತ್ತೇನೋ? ಹೋಗಿ ಕೂತೆ. ಕಿಟಕಿಗೆ ಕಿವಿ ಇಟ್ಕೊಂಡೇ ಇದ್ದೆ. ಖಂಡ ಹಿಡಿದಿದ್ದ. ಕಟ್ತಾ ಬಂದ, ಕಟ್ತಾ ಬಂದ… ಆಮೇಲೆ ಸದ್ದೇ ಇಲ್ಲ. ಎಲ್ಲಿ ತಂದು ಇಳಿಸ್ತಿದ್ದ ಅಂತ ಇವತ್ತಿಗೂ ಯೋಚ್ನೆ ಮಾಡ್ತೀನಿ. ಯಾಕೋ ನಿಲ್ಲಿಸಿದ?"

"ಅವನಿಗೆ ಒಂದು ಮಾತು ಹೇಳಿಕಳಿಸಬಹುದಿತ್ತಲ್ಲ ಮೇಷ್ಟ್ರೇ" ಎಂದೆ.

"ಹೋಗೋ. ಶಿಷ್ಯನ ಮನೆಗೆ ಆಳು ಕಳ್ಸಿ, ಚೆನ್ನಾಗಿ ಬಾರಿಸ್ದೆ ಕಣಪ್ಪಾ ಅನ್ನೋ ಪದ್ಧತಿ ನಮ್ಮಲ್ಲಿ ಯಾವಾಗ ಬಂತು?"

ಇಷ್ಟೇ ನಡೆದದ್ದು. ನಾನು ಬಸ್ಸಿನ ಬಾಗಿಲಲ್ಲಿ ಟಾರ್ಚು ಹಿಡಿದು ನಿಂತಿದ್ದೆನಲ್ಲ, ಮೇಷ್ಟ್ರ ಮುಖಕ್ಕೂ ಬೆಳಕು ಬಿಟ್ಟೇ ಇರಬೇಕು. ಮುಖ ನೋಡಲಿಲ್ಲ, ಮೆಟ್ಟಿಲು ನೋಡಿದೆ. ಈ ಕಾಗದದಲ್ಲಿ ತಮಾಷೆ ಕಡಿಮೆಯಾಗಿದ್ದರೆ ಕ್ಷಮಿಸು.

ಅನಂತು

(ಕೆಳಗಿನ ಸಾಲುಗಳು ನನ್ನವು. ಮೇಷ್ಟ್ರು ಏಳುವಾಗ ಅವರ ಬೆರಳು ನನ್ನ ಅಂಗೈಯಲ್ಲಿ ತಾಳ ಹಾಕುತ್ತಲೇ ಇತ್ತು. ವಯಸ್ಸಾದವರ ಕೈ, ನಡುಗುತ್ತಿದೆ ಎಂದುಕೊಂಡೆ. ನಿಮ್ಮ ರವೆಯ ಡಬ್ಬಿ ಜೋಪಾನವಾಗಿದೆ. — ಕಾತ್ಯಾಯಿನಿ)


ಮಲ್ಲೇಶ್ವರ, ೨೦-೧೧-೧೯೫೯

ಅನಂತು,

ಮೇಷ್ಟ್ರು ದೊಡ್ಡವರು. ನಿನ್ನ ಮನಸ್ಸು ನೋಯಬಾರದೆಂದು, ನನ್ನ ಮನಸ್ಸು ನೋಯಬಾರದೆಂದು ಹೀಗೆ ಹೇಳಿರಬಹುದು. ಅವರ ಸೌಜನ್ಯ ನಾನು ಬಲ್ಲೆ.

ಕಾತ್ಯಾಯಿನಿಯವರಿಗೆ ನಮಸ್ಕಾರ ತಿಳಿಸು. ಅವರು ಬರೆದದ್ದನ್ನು ಮತ್ತೆ ಮತ್ತೆ ಓದಿದೆ.

ಜಯಸಿಂಹ


ಜಯನಗರ, ೨೦-೩-೧೯೬೦

ಪ್ರಿಯ ಜಯಸಿಂಹ,

ಸಿಂಹಕ್ಕೆ ಸಂದೇಹ ಶೋಭಿಸದು. ಸಂದೇಹವಿದ್ದರೆ ಪರಿಹಾರ ನನ್ನ ಕಾಗದದಲ್ಲಿಲ್ಲ, ನಿನ್ನ ಬೆರಳಲ್ಲಿದೆ. ಮೇಷ್ಟ್ರು ಎದ್ದರೇ, ಎಬ್ಬಿಸಲಾಯಿತೇ? ಮತ್ತೊಮ್ಮೆ ಅವರ ಮುಂದೆ ಬಾರಿಸಿ ನೋಡು.

ರಾಮನವಮಿಯ ಶನಿವಾರ ಕಮಲಾದೇವಿಯವರೇ ಹಾಡುತ್ತಾರೆ. "ಹೋದ ವರ್ಷ ತನಿ ಬಾಕಿ ಉಳಿಸಿಕೊಂಡು ಹೋದ್ರಲ್ಲ, ಅವರೇ ಬಂದರೆ ಬರ್ತೀನಿ" ಎಂದಿದ್ದಾರೆ. ಮೇಷ್ಟ್ರು ಬರುತ್ತಾರೆ. ಚಕ್ರಪಾಣಿಯವರು ಕೈಗಡಿಯಾರ ಕಟ್ಟಿಕೊಂಡು ಬರುತ್ತಾರೆ. ಬಸ್ಸೂ ಬರುತ್ತದೆ.

ಬಸ್ಸಿನ ವಿಷಯಕ್ಕೆ ಮದ್ದು ಹೇಳಿದವಳು ಕಾತ್ಯಾಯಿನಿ. ಮೊನ್ನೆ ಹೆಸರುಬೇಳೆ ಆರಿಸುತ್ತ ಕೇಳಿದಳು: "ಹೋದ ರಾಮನವಮಿಗೆ ಎಲ್ರಿಗೂ ಪಾನಕ ಕೋಸಂಬರಿ ಕೊಟ್ವಲ್ಲ, ಆ ಡ್ರೈವರ್ ಕಂಡಕ್ಟರ್‌ಗೆ ಕೊಟ್ರಾ?" ರಾಮನವಮಿಯ ದಿನ ದಾರಿಹೋಕನನ್ನೂ ಕೈಹಿಡಿದು ನಿಲ್ಲಿಸಿ ಕೊಡುವ ಊರು ನಮ್ಮದು. ಬಾಗಿಲಿಗೆ ಬಂದು ಪೋಂ ಎಂದು ಕೂಗಿದವನಿಗೇ ಕೊಟ್ಟಿರಲಿಲ್ಲ.

ನಿನ್ನೆ ಹೋಗಿ ಬೋರಣ್ಣನನ್ನು ಕಂಡೆ. ಚಿಕ್ಕಲಸಂದ್ರದವನು. ಒಳಗೆ ಬಂದು ಕೂತು ಪ್ರಸಾದ ತೆಗೆದುಕೊಳ್ಳಬೇಕೆಂದೆ.

"ಒಳೀಕಾ? ನಾನಾ? ನಿಮ್ ಸಂಗೀತ್ದೋರೆಲ್ಲ ನನ್ ಮ್ಯಾಲೆ ಉರ್ಕೊಂಡವ್ರೆ ಅಂದ್ರಲ್ಲ ಸಾಮಿ?"

"ಯಾರು ಅಂದ್ರು?"

"ನಂಗೆ ಗೊತ್ತಾಗಾಕಿಲ್ವಾ? ಅವತ್ತು ಆ ಯಪ್ಪ ಒಬ್ರೇ ಬಾರಿಸ್ತಾವ್ರೆ, ನಾನು ಪೋಂ ಅಂದೆ, ಅಂಗೇ ನಿಲ್ಸ್ಬುಟ್ರು. ಊಟಕ್ಕೆ ಕುಂತೋರ್ನ ಎಬ್ಸಿದಂಗಾಯ್ತು. ಆಮ್ಯಾಕೆ ನಿಮ್ ಬೀದೀಗೆ ಬಂದಾಗೆಲ್ಲ ಹಾರನ್ ಮುಟ್ಟಾಕೆ ಕೈ ಬರಾಕಿಲ್ಲ."

"ಹಾಗಾದ್ರೆ ಮುಟ್ಟಬೇಡಿ. ಮುಂದಿನ ಸಾಲಲ್ಲಿ ಬಂದು ಕೂತ್ಕೊಳ್ಳಿ."

"ಲೇಟಾದ್ರೆ?"

"ಕೊನೇ ಟ್ರಿಪ್ಪು. ಹತ್ತೋರೆಲ್ಲ ಒಳಗೇ ಇರ್ತಾರೆ. ಯಾರಿಗೆ ಲೇಟು?"

ಅವನು ತಲೆ ಕೆರೆದುಕೊಂಡು ನಕ್ಕ. "ಅದೂ ಸರೀನೆ. ಹ್ಯಾಂಡ್ ಬ್ರೇಕ್ ಹಾಕ್ಬುಟ್ ಬತ್ತೀನಿ."

ಗಮನಿಸಿದೆಯಾ, ಇದರಲ್ಲಿ ಎಂಥ ರಾಜನೀತಿ ಇದೆ? ಕೋಸಂಬರಿ ಹಂಚಿದೆ, ಅರ್ಜಿ ಹಾಕಿದೆ, ಸಭೆಯನ್ನು ಕೂರಿಸಲಾಗಲಿಲ್ಲ. ಕೂರಿಸಬೇಕಾಗಿದ್ದದ್ದು ಒಬ್ಬನನ್ನು.

ಉತ್ತರ ಬರೆಯಬೇಡ. ಬಾ.

ಅನಂತು


ಜಯನಗರ, ೧೧-೪-೧೯೬೦

ಪ್ರಿಯ ಜಯಸಿಂಹ,

ಶನಿವಾರ ಮಧ್ಯಾಹ್ನ ಮೃದಂಗ ಹೆಗಲಿಗೆ ಹಾಕಿಕೊಂಡು ನೀನು ಗೇಟು ತೆರೆದಾಗ ನಾನು ಏನಾದರೂ ಚಮತ್ಕಾರದ ಮಾತು ಆಡಬೇಕಿತ್ತು. ವರ್ಷದಿಂದ ಕೂಡಿಟ್ಟಿದ್ದೆ. ಬಾಯಿಗೆ ಬಂದದ್ದು "ಕಾಫಿ ಕುಡೀತೀಯಾ?" ಒಂದೇ. ನೀನೂ "ಸಕ್ಕರೆ ಕಡಿಮೆ" ಎಂದೆ. ಕಾತ್ಯಾಯಿನಿ ರವೆಯ ಡಬ್ಬಿ ತಂದಿಟ್ಟಳು. ನಮ್ಮ ಮೂವರ ಮಾತು ಅಷ್ಟಕ್ಕೇ ಮುಗಿಯಿತು.

ಈಗ ಬರೆಯುತ್ತಿರುವುದು ನೀನು ನೋಡದೇ ಹೋದದ್ದನ್ನು ಹೇಳಲು. ಕಮಲಾದೇವಿಯವರು ನಿನ್ನ ಕಡೆ ಕೈ ತೋರಿಸಿದಾಗ ನೀನು ಕಣ್ಣು ಮುಚ್ಚಿದವನು, ಮುಗಿಯುವವರೆಗೆ ಬಿಡಲಿಲ್ಲ. ಬಿಡಬಾರದೆಂದು ಹಟ ಹಿಡಿದವನಂತೆ ರೆಪ್ಪೆ ಬಿಗಿಹಿಡಿದಿದ್ದೆ. ನಾನು ಈ ಸಲ ಬಸ್ಸಿನ ಬಾಗಿಲಲ್ಲಿರಲಿಲ್ಲ. ಕಂಬಕ್ಕೆ ಒರಗಿ ಸಭೆಯನ್ನೇ ನೋಡುತ್ತಿದ್ದೆ. ಕೇಳು.

ನೀನು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಬಸ್ಸು ಬಂತು. ಹಾರನ್ ಇಲ್ಲ. ದೀಪ ಆರಿತು, ಇಂಜಿನ್ ನಿಂತಿತು. ಆದರೂ ಅಭ್ಯಾಸಬಲ, ಚಕ್ರಪಾಣಿಯವರು ಮೊದಲು ಎದ್ದರು, ಅವರ ಹಿಂದೆ ಇಪ್ಪತ್ತು ಮೂವತ್ತು ಜನ. ಎದ್ದವರು ಬಾಗಿಲ ತನಕ ಹೋದರು. ಅಲ್ಲಿ ಎದುರಿಗೆ ಬೋರಣ್ಣ ಒಳಗೆ ಬರುತ್ತಿದ್ದ, ಕಂಡಕ್ಟರನ ಜೊತೆ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು. ಕಾತ್ಯಾಯಿನಿ ಅವನನ್ನು ಕರೆದೊಯ್ದು ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಕೈಗೆ ಪಾನಕ, ತೊಡೆಯ ಮೇಲೆ ಕೋಸಂಬರಿಯ ದೊನ್ನೆ ಇಟ್ಟಳು. ಎದ್ದವರು ಬಸ್ಸನ್ನು ನೋಡಿದರು. ಅದರಲ್ಲಿ ಯಾರೂ ಇಲ್ಲ. ಬೋರಣ್ಣನನ್ನು ನೋಡಿದರು, ಅವನು ಅಲ್ಲಾಡುವ ಹಾಗೆ ಕಾಣಲಿಲ್ಲ. ಚಕ್ರಪಾಣಿಯವರು ಬಗ್ಗಿ ಪಿಸುಗುಟ್ಟಿದರು, "ಏನಪ್ಪಾ, ಬಸ್ಸು?" ಬೋರಣ್ಣ ದೊನ್ನೆ ಮುಚ್ಚಿ ಹಿಡಿದು, "ಶ್! ಬಾರಿಸ್ತಾವ್ರೆ" ಎಂದ. ಅಧ್ಯಕ್ಷರು ಕೂತರು. ಅಧ್ಯಕ್ಷರು ಕೂತ ಮೇಲೆ ಸಭೆ ಕೂತಿತು.

ಕೂತವರು ಮೊದಲು ಬಸ್ಸಿಗಾಗಿ ಕೂತಿದ್ದರು, ಸುಳ್ಳು ಹೇಳುವುದಿಲ್ಲ. ನೀನು ಖಂಡಕ್ಕೆ ಬರುವ ಹೊತ್ತಿಗೆ ಬಸ್ಸು ಮರೆತಿದ್ದರು. ತೊಡೆಯ ಮೇಲೆ ಕೈ ಬಿದ್ದದ್ದು, ಒಂದು, ಹತ್ತು, ಆಮೇಲೆ ಸಾಲಿಗೆ ಸಾಲು.

ಇನ್ನು ಮೇಷ್ಟ್ರು. ಅವರ ಕಣ್ಣೂ ಮುಚ್ಚಿತ್ತು. ಬಲಗೈಯ ತಾಳ ಒಂದು ಸಲವೂ ತಪ್ಪಲಿಲ್ಲ. ನೀನು ಆ ನಿನ್ನ ಮುಕ್ತಾಯವನ್ನು ಎತ್ತಿಕೊಂಡಾಗ, ಮೊದಲ ಸುತ್ತಿಗೆ ಅವರ ಹುಬ್ಬು ಮೇಲೇರಿತು. ಎರಡನೆಯ ಸುತ್ತಿಗೆ ಕುರ್ಚಿಯ ತುದಿಗೆ ಸರಿದರು. ಅಯ್ಯೋ, ಏಳುತ್ತಾರಲ್ಲ ಎಂದುಕೊಂಡೆ. ಏಳಲಿಲ್ಲ. ಮೂರನೆಯ ಸುತ್ತು ಬಂದು ತಾಳದ ಸಮಕ್ಕೆ ಬಿದ್ದಾಗ ಅವರ ಅಂಗೈ ತೊಡೆಯ ಮೇಲೆ ಬಿದ್ದ ಸದ್ದು ನನಗೆ ಕಂಬದ ಹತ್ತಿರ ಕೇಳಿಸಿತು. ಹಾಗೆಯೇ ಒತ್ತಿ ಹಿಡಿದರು, ತೆಗೆದರೆ ಹೋಗಿಬಿಡುತ್ತದೆಂಬಂತೆ.

ಮುಗಿಯಿತೆಂದು ಬೋರಣ್ಣ ಟೋಪಿ ಹಾಕಿಕೊಂಡು ಅರ್ಧ ಎದ್ದ. ಮೇಷ್ಟ್ರು ಅವನ ಮೊಣಕಾಲ ಮೇಲೆ ಕೈ ಇಟ್ಟರು. "ಕೂತ್ಕೊಳಯ್ಯಾ. ಮಂಗಳ ಆಗ್ಲಿ."

ಆಹ್ವಾನಪತ್ರದ ಮಾತನ್ನು ಚಕ್ರಪಾಣಿಯವರು ಮತ್ತೆ ಎತ್ತಿಲ್ಲ. ಶಾಮಿಯಾನ ಬಿಚ್ಚಿದ್ದೇನೆ, ಒಗೆಸಲು ಮಾತ್ರ. ಅಂದು ಎಲ್ಲರನ್ನೂ ಬಸ್ಸಿಗೆ ಹತ್ತಿಸಿದೆ, ನಿನ್ನನ್ನೂ ಮೇಷ್ಟ್ರನ್ನೂ ಸೇರಿಸಿ. ಆಮೇಲಿನದು ನನಗೆ ಗೊತ್ತಿಲ್ಲ. ಬರಿ.

ಅನಂತು


ಮಲ್ಲೇಶ್ವರ, ೧೪-೪-೧೯೬೦

ಅನಂತು,

ಬಸ್ಸಿನಲ್ಲಿ ಮೇಷ್ಟ್ರು ಕಿಟಕಿಯ ಪಕ್ಕ ಕೂತರು. ನಾನು ಅವರ ಪಕ್ಕ, ಮೃದಂಗ ತೊಡೆಯ ಮೇಲೆ. ಕಂಡಕ್ಟರು ಮೃದಂಗಕ್ಕೆ ಲಗೇಜ್ ಟಿಕೆಟ್ ಹರಿಯಲು ಹೋದಾಗ ಮುಂದಿನಿಂದ ಬೋರಣ್ಣ ಕೂಗಿದ: "ಏಯ್, ತೊಡೆ ಮ್ಯಾಲಿರೋ ಮಗೀಗೆ ಟಿಕೀಟ್ ಕೇಳ್ತಾರೇನ್ಲಾ?"

ಅಲ್ಲೊಂದು ಇಲ್ಲೊಂದು ದೀಪ ಹಿಂದೆ ಹೋಗುತ್ತಿದ್ದವು. ಸೌತೆಂಡ್ ಸರ್ಕಲ್ ಬಂತು. ನಾನು ಏನು ಕೇಳಬೇಕೆಂದಿದ್ದೆನೋ ಅದನ್ನು ಕೇಳಲಿಲ್ಲ. ಬಸವನಗುಡಿಯಲ್ಲಿ ಅವರನ್ನು ಕೈ ಹಿಡಿದು ಇಳಿಸಿದೆ. ಇಳಿದ ಮೇಲೂ ಅವರು ಕೈ ಬಿಡಲಿಲ್ಲ.

"ಆ ಕೊನೇದು ನೀನೇ ಕಟ್ಟಿದ್ದಾ?"

"ಹೌದು ಮೇಷ್ಟ್ರೇ."

"ನಾಳೆ ಬೆಳಿಗ್ಗೆ ಬಾ. ಇನ್ನೊಂದ್ಸಲ ಬಾರಿಸು. ನಾನೂ ಕಲೀಬೇಕು."

ಬೋರಣ್ಣ ಹಾರನ್ ಮಾಡದೆ ನಿಂತಿದ್ದ.

ಮುಂದಿನ ತಿಂಗಳ ಕಛೇರಿಗೆ ಮೃದಂಗ ಯಾರದೆಂದು ನೀನು ಬರೆದಿಲ್ಲ. ರವೆಯ ಡಬ್ಬಿಯನ್ನು ಈ ಸಲವೂ ನಿಮ್ಮಲ್ಲೇ ಬಿಟ್ಟು ಬಂದಿದ್ದೇನೆ, ಮರೆತಲ್ಲ.

ನಿನ್ನ,
ಜಯಸಿಂಹ